ಈ ವಾರ ಯಾರನ್ನು ಆಡಿಸೋದು? ಎನ್‌ಎಫ್‌ಎಲ್ ಫ್ಯಾಂಟಸಿಯಲ್ಲಿ ಲೈನಪ್ ಕಟ್ಟುವ ಬಗೆ

ಅಮೆರಿಕದ ಆಫೀಸುಗಳಲ್ಲಿ ಆಗಸ್ಟ್ ಬಂತೆಂದರೆ ಯಾರಾದರೊಬ್ಬರು ನಿಮ್ಮ ಮೇಜಿನ ಹತ್ತಿರ ಬಂದು, ‘ನಮ್ಮ ಫ್ಯಾಂಟಸಿ ಲೀಗಿಗೆ ಒಬ್ಬರು ಕಮ್ಮಿ ಬಿದ್ದಿದ್ದಾರೆ, ಸೇರ್ತೀರಾ?’ ಅಂತ ಕೇಳುತ್ತಾರೆ. ಬೆಂಗಳೂರಿನಲ್ಲಿ ಕೂತು ಅಲ್ಲಿನ ತಂಡದ ಜೊತೆ ಕೆಲಸ ಮಾಡುವವರಿಗೂ ಈ ಕರೆ ಬರುವುದುಂಟು. ಎನ್‌ಎಫ್‌ಎಲ್ ಅಂದರೆ ಅಮೆರಿಕನ್ ಫುಟ್‌ಬಾಲಿನ ದೊಡ್ಡ ಲೀಗ್. ಫ್ಯಾಂಟಸಿಯಲ್ಲಿ ಅದರ ನಿಜವಾದ ಆಟಗಾರರನ್ನು ಆರಿಸಿ ನೀವೊಂದು ಕಾಲ್ಪನಿಕ ತಂಡ ಕಟ್ಟುತ್ತೀರಿ. ಅವರು ಮೈದಾನದಲ್ಲಿ ಮಾಡಿದ್ದಕ್ಕೆ ನಿಮಗೆ ಅಂಕ, ಪ್ರತಿ ವಾರ ನಿಮ್ಮ ಲೀಗಿನ ಇನ್ನೊಬ್ಬರ ತಂಡದ ಜೊತೆ ಪೈಪೋಟಿ. ಆಟಗಾರರನ್ನು ಹಂಚಿಕೊಳ್ಳುವ ಡ್ರಾಫ್ಟ್ ಹೇಗೋ ಮುಗಿಯುತ್ತದೆ. ಆಪ್ ಮೇಲೆ ತೋರಿಸಿದ ಹೆಸರನ್ನೇ ಒತ್ತುತ್ತಾ ಹೋದರೂ ತೀರಾ ಕೆಟ್ಟ ತಂಡವೇನೂ ಬರುವುದಿಲ್ಲ. ನಿಜವಾದ ಕೆಲಸ ಶುರುವಾಗುವುದು ಸೆಪ್ಟೆಂಬರಿನಲ್ಲಿ, ಪ್ರತಿ ವಾರ ಯಾರನ್ನು ಆಡಿಸಬೇಕು, ಯಾರನ್ನು ಬೆಂಚಿನಲ್ಲಿ ಕೂರಿಸಬೇಕು ಅಂತ ತೀರ್ಮಾನಿಸುವಾಗ.

ಲೆಕ್ಕ ಇಷ್ಟೇ. ನಿಮ್ಮ ಕೈಯಲ್ಲಿ ಸುಮಾರು 16 ಆಟಗಾರರು. ಅದರಲ್ಲಿ 9 ಜನ ಆಡುತ್ತಾರೆ: ಚೆಂಡು ಎಸೆಯುವ ಒಬ್ಬ ಕ್ವಾರ್ಟರ್‌ಬ್ಯಾಕ್, ಚೆಂಡು ಹೊತ್ತು ಓಡುವ ಇಬ್ಬರು ರನ್ನಿಂಗ್ ಬ್ಯಾಕ್, ಎಸೆದದ್ದನ್ನು ಹಿಡಿಯುವ ಇಬ್ಬರು ರಿಸೀವರ್, ಕ್ಯಾಚ್ ಹಿಡಿಯುವುದರ ಜೊತೆಗೆ ಎದುರಾಳಿಯನ್ನು ತಡೆಯುವ ಕೆಲಸವನ್ನೂ ಮಾಡುವ ಒಬ್ಬ ಟೈಟ್ ಎಂಡ್, ಬೇರೆ ಬೇರೆ ಬಗೆಯವರನ್ನು ಹಾಕಬಹುದಾದ ಒಂದು ಫ್ಲೆಕ್ಸ್ ಜಾಗ, ಚೆಂಡು ಒದೆಯುವ ಒಬ್ಬ ಕಿಕರ್, ಮತ್ತೆ ಒಂದು ಇಡೀ ತಂಡದ ಡಿಫೆನ್ಸ್. ಕೆಲವು ಲೀಗುಗಳಲ್ಲಿ ರಿಸೀವರ್ ಮೂವರು. ಬೆಂಚಿನಲ್ಲಿ ಕೂತವನು 40 ಅಂಕ ಹೊಡೆದರೂ ನಿಮಗೆ ಸೊನ್ನೆ. ಈ ಆಟ ಆಡುವವರ ಗೋಳಾಟ ಬಹುತೇಕ ಇದೊಂದೇ ವಿಷಯಕ್ಕೆ.

ಈ ಹುಚ್ಚು ಇಂದಿನದಲ್ಲ. 1962ರಲ್ಲಿ ಓಕ್ಲೆಂಡ್ ರೈಡರ್ಸ್ ತಂಡದ ಪಾಲುದಾರ ಬಿಲ್ ವಿಂಕೆನ್‌ಬಾಕ್ ನ್ಯೂಯಾರ್ಕಿನ ಹೋಟೆಲೊಂದರಲ್ಲಿ ಇನ್ನೊಂದಿಬ್ಬರ ಜೊತೆ ಕೂತು ಇದರ ನಿಯಮ ಬರೆದ. ಮರುವರ್ಷ ಓಕ್ಲೆಂಡಿನಲ್ಲಿ ಮೊದಲ ಲೀಗ್ ಶುರುವಾಯಿತು. ಆಗ ಅಂಕ ಲೆಕ್ಕ ಹಾಕಲು ಪೇಪರ್, ಪೆನ್ಸಿಲ್ಲೇ ಗತಿ. ಈಗ ಲೆಕ್ಕ ಫೋನೇ ಮಾಡುತ್ತದೆ, ತೀರ್ಮಾನ ಮಾತ್ರ ನಮ್ಮದೇ.

ಭಾರತದಲ್ಲಿ ಕೂತು ಆಡುವವರಿಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಪಾಸು ಮಾಡಿದ ಕಾನೂನು ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ಲೀಗಿನಲ್ಲಿ ಪ್ರವೇಶ ಶುಲ್ಕ ಇದೆ ಅಂದರೆ ದೂರವಿರಿ. ಸುಮ್ನೆ ಮಜಾಕ್ಕೆ ಆಡುವ ಲೀಗುಗಳು ಬೇಕಾದಷ್ಟಿವೆ.

ಮೊದಲು ನಿಮ್ಮ ಲೀಗಿನ ಅಂಕದ ನಿಯಮ ಓದಿ

ತುಂಬಾ ಜನ ಇದನ್ನು ಓದುವುದೇ ಇಲ್ಲ. ಸಾಮಾನ್ಯವಾಗಿ 10 ಗಜ ಓಡಿದರೆ ಅಥವಾ ಕ್ಯಾಚ್ ಹಿಡಿದು 10 ಗಜ ಗಳಿಸಿದರೆ 1 ಅಂಕ. ಟಚ್‌ಡೌನ್‌ಗೆ, ಅಂದರೆ ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿದರೆ, 6. ಕ್ವಾರ್ಟರ್‌ಬ್ಯಾಕ್ ಎಸೆದ 25 ಗಜಕ್ಕೆ 1 ಅಂಕ, ಅವನು ಎಸೆದ ಟಚ್‌ಡೌನ್‌ಗೆ 4. ಇಷ್ಟು ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ. ವ್ಯತ್ಯಾಸ ಬರುವುದು ಹಿಡಿದ ಪ್ರತಿ ಕ್ಯಾಚಿಗೆ ಎಷ್ಟು ಅಂಕ ಅನ್ನುವುದರಲ್ಲಿ. ಕೆಲವರು 1 ಕೊಡುತ್ತಾರೆ, ಅದಕ್ಕೆ ಪಿಪಿಆರ್ ಲೀಗ್ ಅನ್ನುತ್ತಾರೆ. ಕೆಲವರು ಅರ್ಧ ಕೊಡುತ್ತಾರೆ, ಹಳೇ ಕಾಲದವರು ಏನೂ ಕೊಡುವುದಿಲ್ಲ.

ಒಬ್ಬ ರಿಸೀವರ್ 8 ಕ್ಯಾಚ್ ಹಿಡಿದು 62 ಗಜ ಗಳಿಸಿದ ಅಂದುಕೊಳ್ಳಿ. ಇನ್ನೊಬ್ಬ ರನ್ನಿಂಗ್ ಬ್ಯಾಕ್ 18 ಸಲ ಚೆಂಡು ಹೊತ್ತು 80 ಗಜ ಓಡಿದ, ಕ್ಯಾಚ್ ಒಂದೂ ಇಲ್ಲ. ಕ್ಯಾಚಿಗೆ ಅಂಕವಿಲ್ಲದ ಲೀಗಿನಲ್ಲಿ ಮೊದಲನೆಯವನಿಗೆ 6.2, ಎರಡನೆಯವನಿಗೆ 8. ಪಿಪಿಆರ್ ಲೀಗಿನಲ್ಲಿ ಮೊದಲನೆಯವನಿಗೆ 14.2, ಎರಡನೆಯವನಿಗೆ ಅದೇ 8. ಆಟ ಒಂದೇ, ಉತ್ತರ ಉಲ್ಟಾ. ನೀವು ಓದುವ ಯಾವುದೇ ಪರಿಣತರ ಪಟ್ಟಿ ಯಾವ ಲೆಕ್ಕದ ಮೇಲೆ ನಿಂತಿದೆ ಅಂತ ನೋಡದೆ ನಂಬಬೇಡಿ.

ಒಂಬತ್ತರಲ್ಲಿ ಆರು ಜಾಗ ಆಗಲೇ ತುಂಬಿರುತ್ತವೆ

ಪ್ರತಿ ವಾರ ಒಂಬತ್ತೂ ಜಾಗಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಡ್ರಾಫ್ಟಿನ ಮೊದಲ ಎರಡು ಮೂರು ಸುತ್ತಿನಲ್ಲಿ ಆರಿಸಿದವರು ಆರೋಗ್ಯವಾಗಿದ್ದರೆ ಆಡುತ್ತಾರೆ, ಅಷ್ಟೇ. ಎದುರಾಳಿ ಯಾರು, ಹೋದ ವಾರ ಏನಾಯಿತು ಅಂತ ಚರ್ಚೆಯೇ ಬೇಡ.

2024ರಲ್ಲಿ ಸಿನ್ಸಿನಾಟಿ ತಂಡದ ರಿಸೀವರ್ ಜಮಾರ್ ಚೇಸ್ ಮೊದಲ ವಾರ 6 ಕ್ಯಾಚ್, 62 ಗಜ. ಎರಡನೇ ವಾರ 4 ಕ್ಯಾಚ್, 35 ಗಜ. ಟಚ್‌ಡೌನ್ ಒಂದೂ ಇಲ್ಲ. ಡ್ರಾಫ್ಟಿನಲ್ಲಿ ಅವನಿಗಾಗಿ ಮೊದಲ ಸುತ್ತನ್ನೇ ಖರ್ಚು ಮಾಡಿದವರಿಗೆ ಹೊಟ್ಟೆಯಲ್ಲಿ ಬೆಂಕಿ. ಮೂರನೇ ವಾರ 118 ಗಜ, ಎರಡು ಟಚ್‌ಡೌನ್ ಬಂತು. ಹತ್ತನೇ ವಾರ ಬಾಲ್ಟಿಮೋರ್ ಎದುರು 11 ಕ್ಯಾಚ್, 264 ಗಜ, 3 ಟಚ್‌ಡೌನ್. ಪಿಪಿಆರ್ ಲೆಕ್ಕದಲ್ಲಿ 55.4 ಅಂಕ. ವರ್ಷ ಮುಗಿದಾಗ ಕ್ಯಾಚ್, ಗಜ, ಟಚ್‌ಡೌನ್ ಮೂರರಲ್ಲೂ ರಿಸೀವರ್‌ಗಳಲ್ಲಿ ಅವನೇ ಮೊದಲಿಗ. ಎರಡು ವಾರ ನೋಡಿ ಅವನನ್ನು ಕೂರಿಸಿದವರು ಆಮೇಲೆ ಹೇಗೆ ನಿದ್ದೆ ಮಾಡಿದರೋ.

ಹಾಗಾಗಿ ಮಂಗಳವಾರ ಕೂತು ಮೊದಲು ಈ ಕೆಲಸ ಮಾಡಿ. ಖಂಡಿತ ಆಡುವವರನ್ನು ಅವರವರ ಜಾಗಕ್ಕೆ ಹಾಕಿಬಿಡಿ. ಆ ವಾರ ಯಾರ ತಂಡಕ್ಕೆ ಬೈ, ಅಂದರೆ ರಜೆ, ಇದೆ ಅಂತ ನೋಡಿ ಅವರನ್ನು ಹೊರಗಿಡಿ. 2021ರಿಂದ ಎನ್‌ಎಫ್‌ಎಲ್‌ನ 32 ತಂಡಗಳೂ 18 ವಾರದಲ್ಲಿ 17 ಪಂದ್ಯ ಆಡುತ್ತವೆ, ಎಲ್ಲರಿಗೂ ಒಂದು ವಾರ ರಜೆ. ಇಷ್ಟಾದ ಮೇಲೆ ಉಳಿಯುವುದು ಎರಡೋ ಮೂರೋ ಜಾಗ: ಎರಡನೇ ರಿಸೀವರ್, ಫ್ಲೆಕ್ಸ್, ಡಿಫೆನ್ಸ್. ನಿಮ್ಮ ಸಮಯವೆಲ್ಲ ಇಲ್ಲಿಗೆ ಇರಲಿ.

ಅಂಕ ನೋಡಬೇಡಿ, ಚೆಂಡು ಯಾರ ಕೈಗೆ ಹೋಗುತ್ತಿದೆ ನೋಡಿ

ಈ ಲೇಖನದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ. ಇಬ್ಬರಲ್ಲಿ ಯಾರನ್ನು ಆಡಿಸುವುದು ಅಂತ ಗೊಂದಲ ಬಂದಾಗ ಎಲ್ಲರೂ ಹೋದ ವಾರದ ಅಂಕ ನೋಡುತ್ತಾರೆ. ಅದು ಮೋಸ ಮಾಡುತ್ತದೆ. ಒಬ್ಬ ಎರಡೇ ಕ್ಯಾಚ್ ಹಿಡಿದು, ಅದರಲ್ಲೊಂದು 60 ಗಜದ ಟಚ್‌ಡೌನ್ ಆಗಿದ್ದರೆ ಅವನ ಹೆಸರಿನ ಮುಂದೆ ದೊಡ್ಡ ಅಂಕಿ ಕಾಣುತ್ತದೆ. ಮುಂದಿನ ವಾರ ಅದೇ ಎರಡು ಕ್ಯಾಚು 15 ಗಜಕ್ಕೆ ಮುಗಿಯುತ್ತದೆ.

ನೋಡಬೇಕಾದ್ದು ಮೂರು ಸಂಗತಿ, ಮೂರೂ ಪುಕ್ಕಟೆ ಸಿಗುತ್ತವೆ. ತಂಡದ ಒಟ್ಟು ಆಟದಲ್ಲಿ ಎಷ್ಟು ಪಾಲು ಅವನು ಮೈದಾನದಲ್ಲಿದ್ದ ಅನ್ನುವುದು ಮೊದಲನೆಯದು, ಅದು ಸ್ನ್ಯಾಪ್ ಲೆಕ್ಕ. ರಿಸೀವರ್ ಆದರೆ ಅವನ ಕಡೆಗೆ ಎಷ್ಟು ಸಲ ಚೆಂಡು ಎಸೆದರು, ಅಂದರೆ ಟಾರ್ಗೆಟ್. ರನ್ನಿಂಗ್ ಬ್ಯಾಕ್ ಆದರೆ ಎಷ್ಟು ಸಲ ಚೆಂಡು ಹೊತ್ತ, ಜೊತೆಗೆ ಎಷ್ಟು ಟಾರ್ಗೆಟ್. ಒಂದು ವಾರದ್ದಲ್ಲ, ಕೊನೆಯ ಮೂರು ನಾಲ್ಕು ವಾರದ್ದು ನೋಡಿ. ಟಾರ್ಗೆಟ್ 4, 6, 8, 9 ಅಂತ ಏರುತ್ತಿದ್ದು ಅಂಕ ಮಾತ್ರ ಕಮ್ಮಿ ಇದ್ದರೆ ಅವನನ್ನು ಆಡಿಸಿ. ಅಂಕ ಜಾಸ್ತಿ ಇದ್ದು ಟಾರ್ಗೆಟ್ 3, 2, 3 ಇದ್ದರೆ ಅವನನ್ನು ಕೂರಿಸಿ, ಸಾಧ್ಯವಾದರೆ ಯಾರಿಗಾದರೂ ಟ್ರೇಡ್ ಮಾಡಿಬಿಡಿ.

ಟಚ್‌ಡೌನ್ ಎಷ್ಟು ನೆಚ್ಚಿಕೊಳ್ಳಲಾಗದ ವಸ್ತು ಅಂತ ತಿಳಿಯಬೇಕಾದರೆ ಕೈಲ್ ಪಿಟ್ಸ್‌ನ 2021 ನೋಡಿ. ಅಟ್ಲಾಂಟದ ಹೊಸ ಹುಡುಗ, ಟೈಟ್ ಎಂಡ್. ವರ್ಷವಿಡೀ 1,026 ಗಜ ಗಳಿಸಿದ. ಟಚ್‌ಡೌನ್? ಒಂದೇ ಒಂದು. ಅದೂ ಲಂಡನ್ನಿನಲ್ಲಿ ಆಡಿದ ಪಂದ್ಯದಲ್ಲಿ. ಗಜ ಮತ್ತು ಕ್ಯಾಚು ವಾರದಿಂದ ವಾರಕ್ಕೆ ಸುಮಾರಾಗಿ ಅಂದಾಜಿಗೆ ಸಿಗುತ್ತವೆ, ಟಚ್‌ಡೌನ್ ಹಾಗೆ ಸಿಗುವುದಿಲ್ಲ. ಆದರೂ ಒಂದು ಸುಳಿವು ಇದೆ. ಎದುರಾಳಿಯ ಕೊನೆಯ 20 ಗಜದೊಳಗೆ, ಅದರಲ್ಲೂ 5 ಗಜದೊಳಗೆ ಬಂದಾಗ ಚೆಂಡು ಯಾರಿಗೆ ಕೊಡುತ್ತಾರೆ ಅಂತ ಗಮನಿಸಿ. ಫಿಲಡೆಲ್ಫಿಯಾದಲ್ಲಿ ಆ ಜಾಗದಲ್ಲಿ ಕ್ವಾರ್ಟರ್‌ಬ್ಯಾಕ್ ಜೇಲನ್ ಹರ್ಟ್ಸ್‌ನನ್ನೇ ಹಿಂದಿನಿಂದ ಎಲ್ಲರೂ ಸೇರಿ ದಬ್ಬಿ ಗೆರೆ ದಾಟಿಸುತ್ತಿದ್ದರು. 2023ರಲ್ಲಿ ಅವನು ಓಡಿ ಗಳಿಸಿದ ಟಚ್‌ಡೌನ್ 15. ಅಂಥ ತಂಡದಲ್ಲಿ ರನ್ನಿಂಗ್ ಬ್ಯಾಕ್ ಎಷ್ಟೇ ಚೆನ್ನಾಗಿ ಓಡಿದರೂ ಕೊನೆಯ ತುತ್ತು ಅವನ ಬಾಯಿಗೆ ಬೀಳದಿರಬಹುದು.

ಒಂದೇ ತಂಡದಲ್ಲಿ ಇಬ್ಬರು ರನ್ನಿಂಗ್ ಬ್ಯಾಕ್ ಕೆಲಸ ಹಂಚಿಕೊಂಡರೆ ಏನು ಮಾಡುವುದು? ಸಾಮಾನ್ಯ ಉತ್ತರ: ತಪ್ಪಿಸಿ. ಆದರೆ ತಂಡ ಚೆನ್ನಾಗಿ ಅಂಕ ಹೊಡೆಯುತ್ತಿದ್ದರೆ ಇಬ್ಬರಿಗೂ ಸಾಲುವಷ್ಟು ಕೆಲಸ ಇರುತ್ತದೆ. 2023ರ ಡೆಟ್ರಾಯಿಟ್‌ನಲ್ಲಿ ಡೇವಿಡ್ ಮಾಂಟ್‌ಗಮರಿ ಓಡಿ 1,015 ಗಜ ಗಳಿಸಿದ, ಜಮೀರ್ ಗಿಬ್ಸ್ 945. ಇಬ್ಬರನ್ನೂ ಧೈರ್ಯವಾಗಿ ಆಡಿಸಬಹುದಿತ್ತು. ಸೋಲುತ್ತಲೇ ಇರುವ ತಂಡದ ಅರ್ಧ ಪಾಲುದಾರನನ್ನು ಮಾತ್ರ ಮುಟ್ಟಬೇಡಿ. ಹಿಂದೆ ಬಿದ್ದ ತಂಡ ಓಡುವುದನ್ನು ಬಿಟ್ಟು ಎಸೆಯಲು ಶುರು ಮಾಡುತ್ತದೆ, ಅವನಿಗೆ ಚೆಂಡೇ ಸಿಗುವುದಿಲ್ಲ.

ಬುಧವಾರದಿಂದ ಶುಕ್ರವಾರದವರೆಗೆ: ಗಾಯದ ವರದಿ

ಭಾನುವಾರ ಆಡುವ ತಂಡಗಳು ಬುಧ, ಗುರು, ಶುಕ್ರ ಮೂರೂ ದಿನ ಗಾಯದ ವರದಿ ಕೊಡಲೇಬೇಕು. ಯಾರು ಪೂರ್ತಿ ಅಭ್ಯಾಸ ಮಾಡಿದರು, ಯಾರು ಸ್ವಲ್ಪ, ಯಾರು ಇಲ್ಲವೇ ಇಲ್ಲ ಅಂತ ಅದರಲ್ಲಿರುತ್ತದೆ. ಬುಧವಾರದ ಗೈರುಹಾಜರಿಗೆ ಗಾಬರಿಯಾಗಬೇಡಿ, ಹಿರಿಯ ಆಟಗಾರರಿಗೆ ಅವತ್ತು ಸುಮ್ನೆ ವಿಶ್ರಾಂತಿ ಕೊಡುವುದು ರೂಢಿ. ಶುಕ್ರವಾರವೂ ಅಭ್ಯಾಸ ಮಾಡಲಿಲ್ಲ ಅಂದರೆ ಕೆಟ್ಟ ಸುದ್ದಿ. ಬುಧವಾರ ಪೂರ್ತಿ, ಗುರುವಾರ ಸ್ವಲ್ಪ, ಶುಕ್ರವಾರ ಇಲ್ಲ ಅಂತ ಇಳಿಯುತ್ತಾ ಬಂದಿದ್ದರೆ ಇನ್ನೂ ಕೆಟ್ಟದ್ದು, ಯಾಕೆಂದರೆ ವಾರದ ಮಧ್ಯೆ ಅಭ್ಯಾಸದಲ್ಲೇ ಏನೋ ಆಗಿದೆ.

ಕೊನೆಗೆ ಮೂರು ಪಟ್ಟಿಗಳಲ್ಲಿ ಒಂದಕ್ಕೆ ಹಾಕುತ್ತಾರೆ. ‘ಔಟ್’ ಅಂದರೆ ಆಡುವುದಿಲ್ಲ. ‘ಡೌಟ್‌ಫುಲ್’ ಅಂದರೂ ಬಹುತೇಕ ಆಡುವುದಿಲ್ಲ ಅಂತಲೇ ಇಟ್ಟುಕೊಳ್ಳಿ. ತಲೆನೋವು ‘ಕ್ವೆಶ್ಚನಬಲ್’ದು. ಆಡಬಹುದು, ಆಡದಿರಬಹುದು. ಕೊನೆಯ ಉತ್ತರ ಸಿಗುವುದು ಪಂದ್ಯಕ್ಕೆ 90 ನಿಮಿಷ ಮೊದಲು, ಆ ದಿನ ಆಡದವರ ಪಟ್ಟಿ ಹೊರಬಿದ್ದಾಗ. ಹೆಚ್ಚಿನ ಭಾನುವಾರದ ಪಂದ್ಯಗಳು ಅಮೆರಿಕದ ಪೂರ್ವ ಕರಾವಳಿಯ ಮಧ್ಯಾಹ್ನ 1ಕ್ಕೆ ಶುರು. ಅಂದರೆ ಪಟ್ಟಿ 11:30ಕ್ಕೆ. ಕ್ಯಾಲಿಫೋರ್ನಿಯಾದಲ್ಲಿ ಆಗ ಬೆಳಗ್ಗೆ 8:30, ಬೆಂಗಳೂರಿನಲ್ಲಿ ರಾತ್ರಿ 9. ನವೆಂಬರಿನಲ್ಲಿ ಅಮೆರಿಕದವರು ಗಡಿಯಾರ ಹಿಂದಕ್ಕೆ ತಿರುಗಿಸಿದ ಮೇಲೆ ಬೆಂಗಳೂರಿನವರಿಗೆ ಅದು ರಾತ್ರಿ 10 ಆಗುತ್ತದೆ. ಫೋನಿನಲ್ಲಿ ಅಲಾರಂ ಇಟ್ಟುಬಿಡಿ, ಊಟದ ಮಧ್ಯೆ ನೆನಪಿರುವುದಿಲ್ಲ.

ಫ್ಲೆಕ್ಸ್ ಜಾಗದ ಒಂದು ಸಣ್ಣ ಉಪಾಯ

ಫ್ಲೆಕ್ಸ್ ಜಾಗದಲ್ಲಿ ರನ್ನಿಂಗ್ ಬ್ಯಾಕ್, ರಿಸೀವರ್, ಟೈಟ್ ಎಂಡ್ ಯಾರನ್ನಾದರೂ ಹಾಕಬಹುದು. ಹೆಚ್ಚಿನ ಆಪ್‌ಗಳಲ್ಲಿ ಒಬ್ಬೊಬ್ಬ ಆಟಗಾರ ಅವನವನ ಪಂದ್ಯ ಶುರುವಾದಾಗ ಲಾಕ್ ಆಗುತ್ತಾನೆ, ಆಮೇಲೆ ಅವನನ್ನು ಬದಲಾಯಿಸಲು ಆಗುವುದಿಲ್ಲ. ಹಾಗಾಗಿ ಗುರುವಾರ ರಾತ್ರಿ ಆಡುವವನನ್ನು ಯಾವತ್ತೂ ಫ್ಲೆಕ್ಸ್‌ಗೆ ಹಾಕಬೇಡಿ, ಅವನ ಸ್ವಂತ ಜಾಗಕ್ಕೆ ಹಾಕಿ. ಎಲ್ಲರಿಗಿಂತ ತಡವಾಗಿ ಆಡುವವನನ್ನು ಫ್ಲೆಕ್ಸ್‌ನಲ್ಲಿಡಿ. ಅವನು ಕೊನೇ ಗಳಿಗೆಯಲ್ಲಿ ಹೊರಬಿದ್ದರೆ ಮೂರು ಬಗೆಯ ಆಟಗಾರರಲ್ಲಿ ಯಾರನ್ನಾದರೂ ತುಂಬಿಕೊಳ್ಳಬಹುದು. ಇದಕ್ಕೆ ಬುದ್ಧಿ ಬೇಡ, ಅರ್ಧ ನಿಮಿಷ ಸಾಕು. ಆದರೂ ಪ್ರತಿ ಲೀಗಿನಲ್ಲೂ ಅರ್ಧಕ್ಕರ್ಧ ಜನ ಮಾಡುವುದಿಲ್ಲ.

ಇದು ಎಷ್ಟು ಬೆಲೆಬಾಳುತ್ತದೆ ಅಂತ 2024ರ ಮೊದಲ ವಾರವೇ ತೋರಿಸಿತು. ಸ್ಯಾನ್ ಫ್ರಾನ್ಸಿಸ್ಕೋ ತಂಡದ ರನ್ನಿಂಗ್ ಬ್ಯಾಕ್ ಕ್ರಿಶ್ಚಿಯನ್ ಮೆಕ್‌ಕ್ಯಾಫ್ರಿ ಆ ವರ್ಷದ ಡ್ರಾಫ್ಟ್‌ಗಳಲ್ಲಿ ಬಹುತೇಕ ಎಲ್ಲ ಕಡೆ ಮೊದಲ ಹೆಸರು. ಸ್ಯಾನ್ ಫ್ರಾನ್ಸಿಸ್ಕೋದ ಪಂದ್ಯ ಸೋಮವಾರ ರಾತ್ರಿ, ಸಾಂಟಾ ಕ್ಲಾರಾದಲ್ಲಿ. ಅವನ ಹೆಸರು ‘ಕ್ವೆಶ್ಚನಬಲ್’ ಪಟ್ಟಿಯಲ್ಲಿತ್ತು. ಪಂದ್ಯಕ್ಕೆ ಸ್ವಲ್ಪ ಮೊದಲು ಆಡುವುದಿಲ್ಲ ಅಂತ ಗೊತ್ತಾಯಿತು. ಆಗ ಉಳಿದ ಪಂದ್ಯಗಳೆಲ್ಲ ಮುಗಿದು, ಆ ಪಂದ್ಯದವರನ್ನು ಬಿಟ್ಟರೆ ಬೆಂಚಿನಲ್ಲಿದ್ದವರೆಲ್ಲ ಲಾಕ್. ಅವನ ಬದಲು ಓಡಿದವನು ಜಾರ್ಡನ್ ಮೇಸನ್: 28 ಸಲ ಚೆಂಡು ಹೊತ್ತು 147 ಗಜ, ಒಂದು ಟಚ್‌ಡೌನ್. ಅಷ್ಟರಲ್ಲೇ 20.7 ಅಂಕ. ಮೇಸನ್‌ನನ್ನು ಬೆಂಚಿನಲ್ಲಿಟ್ಟುಕೊಂಡಿದ್ದವರು ಬಚಾವಾದರು, ಉಳಿದವರು ಸೊನ್ನೆ ನೋಡುತ್ತಾ ಕೂತರು. ಪಾಠ ಎರಡು. ನಿಮ್ಮ ದೊಡ್ಡ ರನ್ನಿಂಗ್ ಬ್ಯಾಕ್‌ನ ಬದಲಿಗ ಯಾರು ಅಂತ ತಿಳಿದುಕೊಂಡು ಅವನನ್ನೂ ಇಟ್ಟುಕೊಳ್ಳಿ. ಭಾನುವಾರ ರಾತ್ರಿ, ಸೋಮವಾರ ಆಡುವ ಅನುಮಾನದ ಆಟಗಾರನಿಗೆ ಅದೇ ಪಂದ್ಯದಲ್ಲೋ ಅದಕ್ಕಿಂತ ತಡವಾದ ಪಂದ್ಯದಲ್ಲೋ ಆಡುವ ಬದಲಿ ಇಲ್ಲದಿದ್ದರೆ, ಅವನನ್ನು ನಂಬಿ ಕೂರುವುದಕ್ಕಿಂತ ಮಧ್ಯಾಹ್ನ ಆಡುವ ಸಾಧಾರಣ ಆಟಗಾರನೇ ವಾಸಿ.

ಎದುರಾಳಿ, ಬೆಟ್ಟಿಂಗ್ ಅಂಕಿ, ಗಾಳಿ

ಎದುರಾಳಿ ತಂಡ ಹೇಗಿದೆ ಅನ್ನುವುದಕ್ಕೆ ಜನ ಅತಿಯಾಗಿ ಬೆಲೆ ಕೊಡುತ್ತಾರೆ. ಆಪ್‌ನಲ್ಲಿ ಹಸಿರು, ಕೆಂಪು ಬಣ್ಣದಲ್ಲಿ ತೋರಿಸುತ್ತಾರಲ್ಲ, ಅದನ್ನು ಮೊದಲ ನಾಲ್ಕೈದು ವಾರ ನೋಡಲೇಬೇಡಿ. ಎರಡು ಪಂದ್ಯದ ಮೇಲೆ ಕಟ್ಟಿದ ಬಣ್ಣ ಅದು. ಆಮೇಲೂ ಇಬ್ಬರು ಸರಿಸಮ ಅನಿಸಿದಾಗ ಮಾತ್ರ ಬಳಸಿ. ಡೆನ್ವರ್‌ನ ಪ್ಯಾಟ್ರಿಕ್ ಸರ್ಟೇನ್ ಥರದವನು ಎದುರಿಗಿದ್ದರೆ ಮಾತ್ರ ಎರಡು ಸಲ ಯೋಚಿಸಿ. 2024ರ ಅತ್ಯುತ್ತಮ ಡಿಫೆನ್ಸ್ ಆಟಗಾರ ಅವನು, ಎದುರು ತಂಡದ ಮುಖ್ಯ ರಿಸೀವರ್‌ನ ಬೆನ್ನು ಬೀಳುತ್ತಾನೆ. ಆಗ ಅದೇ ತಂಡದ ಎರಡನೇ ರಿಸೀವರ್‌ಗೆ ಚೆಂಡು ಜಾಸ್ತಿ ಬರಬಹುದು.

ನನಗೆ ಇದಕ್ಕಿಂತ ಹೆಚ್ಚು ನಂಬಿಕೆ ಲಾಸ್ ವೇಗಸ್‌ನ ಬೆಟ್ಟಿಂಗ್ ನಡೆಸುವವರು ಇಡುವ ಅಂಕಿಯ ಮೇಲೆ. ಬಾಜಿ ಕಟ್ಟಲು ಅಲ್ಲ, ಸುಮ್ನೆ ಓದಲು. ಅವರ ಹೊಟ್ಟೆಪಾಡೇ ಅದು, ಹಾಗಾಗಿ ಅಂದಾಜು ತೀರಾ ತಪ್ಪಿರುವುದಿಲ್ಲ. ಒಂದು ಪಂದ್ಯದಲ್ಲಿ ಎರಡೂ ತಂಡ ಸೇರಿ 50 ಅಂಕ, ಒಂದು ತಂಡ 6 ಅಂಕದಿಂದ ಗೆಲ್ಲಬಹುದು ಅಂತ ಇದ್ದರೆ ಲೆಕ್ಕ ಹೀಗೆ: 50ರ ಅರ್ಧ 25, ಅದಕ್ಕೆ 6ರ ಅರ್ಧ ಕೂಡಿಸಿದರೆ ಒಂದು ತಂಡಕ್ಕೆ 28, ಕಳೆದರೆ ಇನ್ನೊಂದಕ್ಕೆ 22. ಫ್ಲೆಕ್ಸ್‌ಗೆ ಇಬ್ಬರು ಸರಿಸಮ ಅನಿಸಿದರೆ 28ರ ತಂಡದವನನ್ನು ಹಾಕಿ. ಗೆಲ್ಲುವ ತಂಡದ ರನ್ನಿಂಗ್ ಬ್ಯಾಕ್‌ಗೆ ಪಂದ್ಯದ ಕೊನೆಯಲ್ಲಿ ಚೆಂಡು ಜಾಸ್ತಿ ಸಿಗುತ್ತದೆ, ಯಾಕೆಂದರೆ ಓಡಿದರೆ ಗಡಿಯಾರ ನಿಲ್ಲುವುದಿಲ್ಲ. ಸೋಲುವ ತಂಡದ ರಿಸೀವರ್‌ಗೂ ಒಂದು ಲಾಭ ಇದೆ, ಅವರು ಎಸೆಯುತ್ತಲೇ ಇರಬೇಕು.

ಹವಾಮಾನದ ವಿಷಯದಲ್ಲಿ ಮಳೆ, ಹಿಮ ಅಂತ ಹೆದರುವವರೇ ಹೆಚ್ಚು. ಹೆದರಬೇಕಾದ್ದು ಗಾಳಿಗೆ. 2021ರ ಡಿಸೆಂಬರ್ 6ರಂದು ಬಫಲೋ ಹತ್ತಿರದ ಆರ್ಚರ್ಡ್ ಪಾರ್ಕ್‌ನಲ್ಲಿ ಎಂಥಾ ಗಾಳಿ ಬೀಸಿತೆಂದರೆ ನ್ಯೂ ಇಂಗ್ಲೆಂಡ್‌ನ ಕ್ವಾರ್ಟರ್‌ಬ್ಯಾಕ್ ಮ್ಯಾಕ್ ಜೋನ್ಸ್ ಇಡೀ ಪಂದ್ಯದಲ್ಲಿ ಚೆಂಡು ಎಸೆದದ್ದು ಮೂರೇ ಸಲ. ಆದರೂ 14-10ರಲ್ಲಿ ಗೆದ್ದರು, ಹೆಚ್ಚುಕಡಿಮೆ ಓಡಿಯೇ. ಅವತ್ತು ಆ ತಂಡದ ರಿಸೀವರ್‌ಗಳನ್ನು ಆಡಿಸಿದವರ ಕಥೆ ಕೇಳಬೇಡಿ. ಗಂಟೆಗೆ 20 ಮೈಲಿ ಮೀರಿ ಗಾಳಿ ಅಂತ ಭಾನುವಾರ ಬೆಳಗ್ಗೆ ಕಂಡರೆ ಕಿಕರ್‌ನನ್ನು ಬದಲಾಯಿಸಿ, ದೂರದ ಎಸೆತವನ್ನೇ ನಂಬಿದ ರಿಸೀವರ್‌ನನ್ನು ಕೂರಿಸಿ. ಡೆಟ್ರಾಯಿಟ್, ಮಿನಿಯಾಪೊಲಿಸ್, ನ್ಯೂ ಆರ್ಲಿಯನ್ಸ್‌ನಂಥ ಚಾವಣಿಯಿರುವ ಮೈದಾನಗಳಲ್ಲಿ ಈ ಚಿಂತೆ ಇಲ್ಲ.

ಉಳಿದ ಜಾಗಗಳು, ಬೇಗ ಬೇಗ

ಕ್ವಾರ್ಟರ್‌ಬ್ಯಾಕ್ ಇಬ್ಬರಲ್ಲಿ ಗೊಂದಲವಾದರೆ ಓಡುವವನನ್ನು ಆರಿಸಿ. 2024ರಲ್ಲಿ ಲಮಾರ್ ಜಾಕ್ಸನ್ 4,172 ಗಜ ಎಸೆದದ್ದಲ್ಲದೆ ಓಡಿ 915 ಗಜ ಗಳಿಸಿದ. ಆ ಓಟಕ್ಕೇ 91.5 ಅಂಕ, ಅಂದರೆ 2,287 ಗಜ ಹೆಚ್ಚುವರಿಯಾಗಿ ಎಸೆದ ಹಾಗೆ. ಬರೀ ನಿಂತು ಎಸೆಯುವವನು ಇದನ್ನು ಸರಿಗಟ್ಟುವುದು ಕಷ್ಟ.

ಡಿಫೆನ್ಸ್‌ಗೆ ನಿಷ್ಠೆ ಬೇಡ. ವಾರ ವಾರ ಬದಲಾಯಿಸಿ. ನಿಮ್ಮ ಡಿಫೆನ್ಸ್ ಎಷ್ಟು ಗಟ್ಟಿ ಅನ್ನುವುದಕ್ಕಿಂತ ಎದುರು ತಂಡದ ಕ್ವಾರ್ಟರ್‌ಬ್ಯಾಕ್ ಎಷ್ಟು ಹಸಿ ಅನ್ನುವುದು ಮುಖ್ಯ. ಹೊಸಬನೋ ಬದಲಿ ಆಟಗಾರನೋ ಎಸೆಯುತ್ತಿದ್ದರೆ ಅವನ ಎದುರಿನ ಡಿಫೆನ್ಸ್ ಹಿಡಿಯಿರಿ. ಕಿಕರ್‌ಗೆ ಐದು ನಿಮಿಷಕ್ಕಿಂತ ಜಾಸ್ತಿ ಖರ್ಚು ಮಾಡಬೇಡಿ. ಟೈಟ್ ಎಂಡ್‌ಗಳಲ್ಲಿ ಮೇಲಿನ ನಾಲ್ಕೈದು ಜನ ಬಿಟ್ಟರೆ ಉಳಿದವರೆಲ್ಲ ಒಂದೇ, ಟಾರ್ಗೆಟ್ ನೋಡಿ ಒಬ್ಬನನ್ನು ಹಾಕಿ.

ಗೆಲ್ಲುವ ಅಂದಾಜಿದ್ದರೆ ಭದ್ರ, ಸೋಲುವ ಅಂದಾಜಿದ್ದರೆ ಧೈರ್ಯ

ಶನಿವಾರ ಆಪ್ ತೋರಿಸುವ ಅಂದಾಜು ನೋಡಿ. ಎದುರಾಳಿಗಿಂತ ನೀವು 15 ಅಂಕ ಮುಂದಿದ್ದರೆ ಫ್ಲೆಕ್ಸ್‌ನಲ್ಲಿ ಪ್ರತಿ ವಾರ ತಪ್ಪದೆ 10-12 ಅಂಕ ತರುವವನನ್ನು ಹಾಕಿ. ನೀವೇ 15 ಹಿಂದಿದ್ದರೆ ಅವನಿಂದ ಪ್ರಯೋಜನವಿಲ್ಲ, ಗೌರವದಿಂದ ಸೋಲುತ್ತೀರಿ ಅಷ್ಟೇ. ಆಗ ಒಂದು ವಾರ 4, ಒಂದು ವಾರ 25 ಹೊಡೆಯುವ ದೂರದ ಎಸೆತದ ರಿಸೀವರ್‌ನನ್ನು ಹಾಕಿ. ನಿಮ್ಮ ಕ್ವಾರ್ಟರ್‌ಬ್ಯಾಕ್‌ನ ತಂಡದವನೇ ಆದರೆ ಇನ್ನೂ ಒಳ್ಳೆಯದು. ಅವನು ಎಸೆದು ಇವನು ಹಿಡಿದರೆ ಒಂದೇ ಆಟಕ್ಕೆ ಎರಡು ಕಡೆಯಿಂದ ಅಂಕ.

ಭಾನುವಾರದ ಪಂದ್ಯಗಳು ಮುಗಿದ ಮೇಲೆ ಈ ಲೆಕ್ಕ ಇನ್ನೊಮ್ಮೆ ಹಾಕಿ. ಸೋಮವಾರ ರಾತ್ರಿ ನಿಮಗೆ ಇನ್ನೊಬ್ಬ ಆಟಗಾರ ಬಾಕಿ ಇದ್ದು 3 ಅಂಕ ಮಾತ್ರ ಬೇಕಿದ್ದರೆ ಯಾರು ತಪ್ಪದೆ ಮೈದಾನಕ್ಕಿಳಿಯುತ್ತಾರೋ ಅವರನ್ನೇ ಹಾಕಿ, ಹೆಸರು ಎಷ್ಟೇ ಸಣ್ಣದಿರಲಿ. ಎದುರಾಳಿಯ ಕಡೆಯವರೆಲ್ಲ ಆಡಿ ಮುಗಿಸಿ ನೀವು ಆಗಲೇ ಮುಂದಿದ್ದು, ಬಾಕಿ ಇರುವುದು ನಿಮ್ಮ ಡಿಫೆನ್ಸ್ ಮಾತ್ರ ಅಂದರೆ ಆ ಜಾಗ ಖಾಲಿ ಬಿಡುವ ಬಗ್ಗೆಯೂ ಯೋಚಿಸಿ, ಯಾಕೆಂದರೆ ಡಿಫೆನ್ಸ್‌ಗೆ ಮೈನಸ್ ಅಂಕವೂ ಬರುತ್ತದೆ. ಖಾಲಿ ಬಿಡಬಾರದು ಅನ್ನುವ ನಿಯಮ ನಿಮ್ಮ ಲೀಗಿನಲ್ಲಿ ಇಲ್ಲ ಅಂತ ಮೊದಲು ಖಚಿತ ಮಾಡಿಕೊಳ್ಳಿ.

ಡಿಸೆಂಬರಿನಲ್ಲಿ, ಸಾಮಾನ್ಯವಾಗಿ 15ರಿಂದ 17ನೇ ವಾರದವರೆಗೆ, ಲೀಗಿನ ಪ್ಲೇಆಫ್ ನಡೆಯುತ್ತದೆ. 18ನೇ ವಾರಕ್ಕೆ ಫೈನಲ್ ಇಟ್ಟ ಲೀಗಿಗೆ ಸೇರಿದ್ದರೆ ಒಂದು ಎಚ್ಚರ: ಮುಂದಿನ ಸುತ್ತು ಖಚಿತವಾದ ಎನ್‌ಎಫ್‌ಎಲ್ ತಂಡಗಳು ಆ ವಾರ ದೊಡ್ಡ ಆಟಗಾರರಿಗೆ ವಿಶ್ರಾಂತಿ ಕೊಡುತ್ತವೆ. ವರ್ಷವಿಡೀ ಕಣ್ಣು ಮುಚ್ಚಿ ಆಡಿಸಿದವನೇ ಅವತ್ತು ಮೈದಾನದ ಬದಿಯಲ್ಲಿ ಟೋಪಿ ಹಾಕಿಕೊಂಡು ನಿಂತಿರುತ್ತಾನೆ. ಆ ವಾರಕ್ಕೆ ಮಾತ್ರ, ಮೊದಲ ಸುತ್ತುಗಳಲ್ಲಿ ಆರಿಸಿದವರನ್ನು ಚರ್ಚೆಯಿಲ್ಲದೆ ಆಡಿಸಿ ಅಂತ ಮೇಲೆ ಹೇಳಿದ ನಿಯಮ ಬಿಟ್ಟುಬಿಡಿ. ಗೆದ್ದರಷ್ಟೇ ಮುಂದಕ್ಕೆ ಹೋಗುವ ತಂಡಗಳ ಆಟಗಾರರನ್ನು ಹುಡುಕಿ ಹಾಕಿ. ಮುಂದಿನ ವರ್ಷ ಫೈನಲ್ಲನ್ನು 17ಕ್ಕೆ ತರೋಣ ಅಂತ ಲೀಗ್ ನಡೆಸುವವರ ಹತ್ತಿರ ಈಗಲೇ ಮಾತಾಡಿಡಿ.